ಜಾಮೀನುದಾರರ ಕಾಲಂ

ಹದಿನಾರನೇ ಪ್ರಶ್ನೆಗೆ ಬಂದಾಗಲೆಲ್ಲ
ನನಗೆ ನೀರಡಿಕೆಯಾಗುತ್ತದೆ.
'ಈಗಾಗಲಿ, ಮುಂದೊಮ್ಮೆಯಾಗಲಿ
ಈ ದೇಶದಲ್ಲಿ ದುಡಿಯಲು ನಿಮಗೆ
ಸ್ಪಾನ್ಸರ್‌ಶಿಪ್ ಬೇಕಾಗುವುದೇ?'
ಕೆಳಗೆ ಎರಡು ಸೊನ್ನೆ. ಹೌದು. ಇಲ್ಲ.
ಹೌದು ಒತ್ತಿದರೆ ಬಾಗಿಲು ಹಾಕಿಕೊಳ್ಳುತ್ತದೆ,
ಇಲ್ಲ ಒತ್ತಿದರೆ ಸುಳ್ಳು.

ಲೀಡ್ಸಿನಿಂದ ಕ್ರಿಸ್‌ಮಸ್ ರಜೆಗೆ ಬಂದಿದ್ದೇನೆ,
ಅಗ್ಗದ ಟಿಕೆಟ್ಟು, ಮಸ್ಕತ್ತಿನಲ್ಲಿ ಹನ್ನೊಂದು ತಾಸು ಕಾದು.
ವಿನೋಬನಗರದ ಬಾಡಿಗೆ ಮನೆಯ ತಾರಸಿಯಲ್ಲಿ
ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಕೂತರೆ
ಪಕ್ಕದ ಮನೆಯ ವೈಫೈ ಎರಡು ಗೆರೆ ಸಿಗುತ್ತದೆ.
ಒಂದು ಕಂಪನಿ ಮುಳುಗುವ ಸಾಧ್ಯತೆಯನ್ನು
ನಾಲ್ಕು ದಶಮಾಂಶದವರೆಗೆ ಹೇಳಬಲ್ಲೆ.
ಬೇಸಿಗೆಯ ಹತ್ತು ವಾರ, ಯಾವುದಾದರೂ ಬ್ಯಾಂಕಿನ
ಯಾವುದಾದರೂ ಮೂಲೆಯ ಕುರ್ಚಿ ಸಾಕು.
ಇಲ್ಲಿಗೆ ಅರವತ್ತೊಂದು ಅರ್ಜಿ.

ಮೊನ್ನೆಯದು ನಾಲ್ಕೇ ನಿಮಿಷಕ್ಕೆ ವಾಪಸು ಬಂತು,
ಕುಕ್ಕರು ಇನ್ನೂ ಒಂದು ಕೂಗೂ ಕೂಗಿರಲಿಲ್ಲ.
'ನಿಮ್ಮ ಆಸಕ್ತಿಗೆ ಧನ್ಯವಾದ,
ಮುಂದಿನ ವರ್ಷ ಖಂಡಿತ ಪ್ರಯತ್ನಿಸಿ.'
ಹಿಂದೆ ಬಾಗಿಲ ಮೇಲೆ ಸುಣ್ಣದಲ್ಲಿ
ನಾಳೆ ಬಾ ಎಂದು ಬರೆದಿಡುತ್ತಿದ್ದರಂತೆ.
ದೆವ್ವ ಬಂದು, ಓದಿಕೊಂಡು, ಮರ್ಯಾದೆಯಿಂದ ಹೋಗುತ್ತಿತ್ತಂತೆ.
ಮರುದಿನವೂ ಅದೇ ನಾಳೆ.
ಆ ದೆವ್ವಕ್ಕೆ ಓದಲು ಬರುತ್ತಿತ್ತು ಎಂಬುದನ್ನು
ಯಾರೂ ಯೋಚಿಸಿದಂತಿಲ್ಲ.
ಎಷ್ಟು ಸಾಲ ಮಾಡಿ ಓದಿತ್ತೋ, ಪಾಪ.

ಅಮ್ಮ ಪಿಗ್ಮಿ ಏಜೆಂಟು.
ಇಪ್ಪತ್ತಾರು ವರ್ಷದಿಂದ ಗಾಂಧಿ ಬಜಾರಿನ
ಬಳೆಯಂಗಡಿ, ಬೀಗದಂಗಡಿ, ಬೆಲ್ಲದ ಅಂಗಡಿಗೆ ತಿರುಗಿ
ಇಪ್ಪತ್ತು ಐವತ್ತು ಎತ್ತುತ್ತಾಳೆ, ಚೀಟಿ ಹರಿದು ಕೊಡುತ್ತಾಳೆ.
ರಾತ್ರಿ ಮಜ್ಜಿಗೆ ಬಡಿಸುತ್ತ ಕೇಳಿದಳು:
'ಅದೇನು ಕೇಳ್ತಾರೆ ಅವರು, ನೀನು ಇಷ್ಟು ಸೊರಗೋ ಹಂಗೆ?'
ವೀಸಾ ಅಂದೆ. ವಾರಕ್ಕೆ ಇಪ್ಪತ್ತೇ ತಾಸು ಅಂದೆ.
ಆಮೇಲೆ ಕೆಲಸಕ್ಕಿಟ್ಟುಕೊಂಡವರೇ ಸರ್ಕಾರಕ್ಕೆ
ಬರೆದುಕೊಡಬೇಕು, ದುಡ್ಡು ಕಟ್ಟಬೇಕು, ಇವಳು ನಮ್ಮವಳು ಅಂತ...
'ಜಾಮೀನು ಅನ್ನು,' ಅಂದಳು.

'ನಂಗೂ ಕೇಳಿದ್ರು, ಸೊಸೈಟಿಯೋರು.
ಜನರ ದುಡ್ಡು ಹಿಡ್ಕಂಡು ಓಡಾಡೋಳು, ಇಬ್ಬರ ಸಹಿ ಬೇಕು ಅಂತ.
ಒಂದು ನಮ್ಮಕ್ಕ ಹಾಕಿದ್ಲು.
ಇನ್ನೊಂದಕ್ಕೆ ಹದಿಮೂರು ಅಂಗಡಿ ಹತ್ತಿ ಇಳಿದೆ.'
ಕೊನೆಗೆ?
'ಬಾಳೆಮಂಡಿ ಹಾಲಪ್ಪ.'
ಅಷ್ಟು ನಂಬಿಕೆ ಇತ್ತಾ ನಿನ್ನ ಮೇಲೆ?
'ನಂಬಿಕೆ ಎಲ್ಲಿಂದ ಬರ್ಬೇಕು, ಗುರುತೇ ಇರ್ಲಿಲ್ಲ.
ಒಂಬತ್ತು ದಿನ ತಕ್ಕಡಿ ಎದುರು ನಿಂತೆ.
ಗಿರಾಕಿಗೆ ಅಡ್ಡ ಆಯ್ತು. ಸಹಿ ಹಾಕಿ ಕಳಿಸ್ದ.'

ಆ ಕಾಗದ ಟ್ರಂಕಿನಲ್ಲಿದೆ, ತೋರಿಸಿದಳು.
ನಾಗವೇಣಿ ಎಂಬ ಹೆಸರಿನ ಕೆಳಗೆ
ಹಾಲಪ್ಪನ ಸೊಟ್ಟ ಸಹಿ, ಪಕ್ಕದಲ್ಲೇ
ಬಾಳೆಯ ಸೊನೆ ಹತ್ತಿದ ಹೆಬ್ಬೆರಳ ಕಂದು ಗುರುತು.
ಶಾಯಿ ಮಾಸಿದೆ. ಬಾಳೆ ಕಲೆ ಹೋಗುವುದಿಲ್ಲ.

ನಾನು ಎಲ್ಲಿ ನಿಲ್ಲಲಿ?
ನನ್ನನ್ನು ಬೇಡವೆಂದವರಿಗೆ ಅಂಗಡಿಯಿಲ್ಲ, ಮೆಟ್ಟಿಲಿಲ್ಲ,
ಯಾರಿಗೂ ಅಡ್ಡವಾಗುವಷ್ಟು ಅಗಲ ನಾನಿಲ್ಲ.

ಬೆಳಿಗ್ಗೆ ಅವಳ ಮಂಡಿ ನೋವೆಂದು ನಾನೂ ಹೋದೆ, ಚೀಲ ಹಿಡಿದು.
ಬೀಗದ ಅಂಗಡಿಯ ರಫೀಕ ತಲೆಯೆತ್ತದೆ ಹೇಳಿದ,
'ಬೋಣಿನೇ ಆಗಿಲ್ಲ ಅಕ್ಕ, ನಾಳೆ ಬನ್ನಿ.'
ಅಮ್ಮ ಪುಸ್ತಕದಲ್ಲಿ ಒಂದು ಚುಕ್ಕಿಯಿಟ್ಟಳು.
ಹಿಂದಿನ ಪುಟಗಳ ತುಂಬ ಅಂಥವೇ ಚುಕ್ಕಿ, ಇರುವೆಸಾಲು.
'ಇವೆಲ್ಲ ನಾಳೆ ಬಾ ಅಂದಿದ್ದು.
ಒಬ್ಬನೂ ಖಾತೆ ಮುಚ್ಚಿಲ್ಲ.'
ಮುಂದಿನ ಅಂಗಡಿಗೆ ಆಗಲೇ ಹತ್ತಿದ್ದಳು.

ರಾತ್ರಿ, ಟ್ಯಾಂಕು, ಚಳಿ. ಅರವತ್ತೆರಡನೆಯದು.
ಹೌದು ಒತ್ತಿದೆ.
ನಾಲ್ಕು ನಿಮಿಷವಾಯಿತು. ಐದು.
ಬೀದಿಯ ಕರೆಂಟು ಹೋಯಿತು, ಅದರೊಂದಿಗೆ ಆ ಎರಡು ಗೆರೆಯೂ.
ಕೆಳಗೆ, ಕತ್ತಲಲ್ಲೇ,
ಅಮ್ಮ ಚಿಲ್ಲರೆ ಎಣಿಸುತ್ತಿದ್ದಾಳೆ.