ಯಾವ ಓಣಿ?

ರಾಯಚೂರಿನ ಗಂಜಿನಲ್ಲಿ, ತೂಕದ ಕಟ್ಟೆಯ ಹಿಂದೆ,
ತಗಡಿನ ಕೋಣೆಯಲ್ಲಿ
ಹತ್ತಿ ಎಲ್ಲವನ್ನೂ ಹತ್ತಿತ್ತು:
ಫ್ಯಾನು, ಕೀಬೋರ್ಡು, ನನ್ನ ರೆಪ್ಪೆ.
ನಾನು ಬರೆದ ಪ್ರೋಗ್ರಾಮಿನ ಹೊಟ್ಟೆಯೊಳಗೆ
ಡೇಟಾಬೇಸಿನ ಪಾಸ್‌ವರ್ಡು ಬೆತ್ತಲೆ ಕೂತಿತ್ತು.

ದಸ್ತಗೀರಣ್ಣ ನೋಡಿದ. ಬಯ್ಯಲಿಲ್ಲ.
ಕಿಟಕಿಯಾಚೆ ಬೆರಳು ಮಾಡಿದ:
"ತಾಯಪ್ಪನ್ನ ನೋಡು, ತಂಗಿ.
ನಲವತ್ತು ಗೋದಾಮಿನ ಕೀಲಿಕೈ ಅವನ ಸೊಂಟದಾಗ.
ದಲಾಲರು ಯಾರೂ ಕೀಲಿಕೈ ಇಟ್ಕೊಳ್ಳಂಗಿಲ್ಲ.
ಗೋದಾಮಿನ ಹೆಸರು ಹೇಳ್ತಾರ, ಇಸ್ಕೊಂತಾರ, ತಿರುಗಿ ಕೊಡ್ತಾರ.
ಸರ್ವರ್ ಅಂದ್ರ ಅಷ್ಟ."

ಅಳಿಸಿದೆ. ಪಾಸ್‌ವರ್ಡು, ವಿಳಾಸ, ಡ್ರೈವರು,
ನಾಲ್ಕು ಸಾಲು ಹೋದ ಜಾಗದಲ್ಲಿ
ಒಂದೇ ಹೆಸರು ಬರೆದೆ: ಹತ್ತಿ.
ಶುರು ಮಾಡಿದೆ.
ಈ ಹೆಸರಿನವರು ಇಲ್ಲಿ ಯಾರೂ ಇಲ್ಲ, ಅಂತು ಸರ್ವರು.
ಚಹಾ ಕುಡಿದು ಮತ್ತೆ ಶುರು ಮಾಡಿದೆ.
ಯಾರೂ ಇಲ್ಲ.

ಮಧ್ಯಾಹ್ನ ಯರಗೇರಾದಿಂದ ಒಬ್ಬಾಕೆ ಬಂದಳು,
ಮಾಬಣ್ಣನ್ನ ಹುಡುಕಿಕೊಂಡು.
"ಯಾವ ಮಾಬಣ್ಣ?" ತಾಯಪ್ಪ ಎಲೆ ಉಗುಳಿ ಕೇಳಿದ.
"ಗಾಣದವನಾ, ಹಮಾಲರ ಓಣಿಯವನಾ?
ಬರೇ ಹೆಸರಿಗೆ ಊರು ಬಾಯಿ ಬಿಡಂಗಿಲ್ಲವ್ವ."

ಬರೇ ಹೆಸರಿಗೆ!
ಒಳಗೋಡಿ ಹೆಸರಿನ ಮುಂದೆ ಓಣಿ ಸೇರಿಸಿದೆ,
ಅಗಸಿ, ಗಲ್ಲಿ, ಮನೆ,
ನಡುನಡುವೆ ಓರೆಗೆರೆ ಎಳೆದು.
ಬಾಗಿಲು ತೆರೆಯಿತು,
ಕೋಷ್ಟಕದ ಸಾಲುಗಳು ಒಂದೊಂದಾಗಿ ಎದ್ದು
ಮೈ ಕೈ ತಳೆದು ನಿಂತವು.

ಹೊಸ ಚೀಟಿ, ಲಾಟ್ ನಾನೂರ ಹದಿನೇಳು.
ಆರು ಕ್ವಿಂಟಲ್ ನಲವತ್ತು ಕಿಲೊ. ಖಾಸಿಂಬಿ, ಯರಗೇರಾ.
ಮಾಬಣ್ಣ ಸಿಕ್ಕಿದ್ದ; ಆಕೆ ನನ್ನ ಮೇಜಿನ ಮುಂದೆ ನಿಂತಿದ್ದಳು.
ಗಂಡನ ಹೆಸರಿನ ಖಾನೆ ಖಾಲಿ.
ಉಳಿಸಲು ಹೋದರೆ ಮ್ಯಾಪಿಂಗ್ ತಡೆಯಿತು,
ಖಾಲಿ ಬಿಡಬಾರದೆಂದು
ಆರು ತಿಂಗಳ ಹಿಂದೆ ನಾನೇ ಬರೆದ ಸಾಲು.
ಏನು ಹಾಕಲಿ ಎಂದೆ.
"ನನ್ನ ಹೆಸರ ಎರಡು ಸಲ ಬರಿ.
ಬಿತ್ತಿದಾಕಿ ನಾ, ಬಿಡಿಸಿದಾಕೀನೂ ನಾ."
ಬರೆಯಲಿಲ್ಲ. ಆ ಸಾಲನ್ನೇ ತೆಗೆದೆ.

ಇಪ್ಪತ್ತೇ ಕನೆಕ್ಷನ್ ಇರುವುದು, ಇಡೀ ಗಂಜಿಗೆ.
ಇಲ್ಲಿ ಮುಚ್ಚುವುದೆಂದರೆ ಮುಚ್ಚುವುದಲ್ಲ,
ಇನ್ನೊಬ್ಬರಿಗೆ ಸಿಗಲೆಂದು
ಇದ್ದ ಮೊಳೆಗೆ ತೂಗುಹಾಕುವುದು.
ಬೆಳಗಿನಿಂದ ಇಸಕೊಂಡಿದ್ದೆಷ್ಟು, ಕೊಟ್ಟಿದ್ದೆಷ್ಟು,
ನನಗೆ ಲೆಕ್ಕ ಹತ್ತಲಿಲ್ಲ.

ಸಂಜೆ ಕಟ್ಟೆಯ ಮೇಲೆ ಕೂತು ತಾಯಪ್ಪ
ಕತ್ತಲಲ್ಲೇ, ಬೆರಳಲ್ಲೇ ಕೀಲಿಕೈ ಎಣಿಸುತ್ತಿದ್ದ.
ಮೂವತ್ತೆಂಟು. ಮೂವತ್ತೊಂಬತ್ತು.
ನಿಂತ. ಮೊದಲಿನಿಂದ ಎಣಿಸಿದ.
ಒಳಗೆ ನನ್ನ ಪರದೆಯ ಮೇಲೆ
ಇಪ್ಪತ್ತೊಂದನೆಯವರು ಯಾರೋ ಕಾಯುತ್ತಿದ್ದರು.