ಆರನೇ ಫ್ರೇಮು

ಸಫ್ವಾನ್, ನೀನು ಕಳಿಸಿದ ಕಂಡಕ್ಟರನ್ನು
ಸಂಜೆಯಿಂದ ನೋಡುತ್ತಾ ಕೂತಿದ್ದೇನೆ.
ಮೂವತ್ತೆರಡು ಚುಕ್ಕೆ ಎತ್ತರ, ಹದಿನಾರು ಅಗಲ,
ಎಂಟು ಫ್ರೇಮಿನಲ್ಲಿ ಇಳಿದು, ಓಡಿ, ಹತ್ತಿ,
ಮತ್ತೆ ಇಳಿಯುತ್ತಾನೆ. ಪಾಪ,
ಚಾ ಕುಡಿಯಲಿಕ್ಕೂ ಬಿಡುವಿಲ್ಲ.

'ಚಂದ ಉಂಟು' ಅಂತ ಬರೆದು ಮುಗಿಸಬಹುದಿತ್ತು.
ಅದು ನೆಂಟರ ಮನೆಯ ಸಾರಿಗೆ ಹೇಳುವ ಮಾತು.
ನೀನು ಕೇಳಿದ್ದು, ಉಪ್ಪು ಎಷ್ಟು ಅಂತ.

ಹೇಳುತ್ತೇನೆ.
ಬಣ್ಣ ಆರು ಸಾಕಿತ್ತು, ಒಂಬತ್ತು ಹಾಕಿದ್ದಿ.
ಖಾಕಿಗೆ ಮೂರು ಛಾಯೆ ಯಾಕೆ ಮಾರಾಯ,
ಹಂಪನಕಟ್ಟೆಯ ಮಧ್ಯಾಹ್ನಕ್ಕೆ ಇರುವುದು ಎರಡೇ:
ಬಿಸಿಲು, ಮತ್ತೆ ಅಂಗಡಿಯ ಮಾಡಿನ ಅಡಿ.

ಚೀಲ ನೋಡು.
ಆಳು ಜಿಗಿದ ಕ್ಷಣವೇ ಚೀಲವೂ ಜಿಗಿಯುತ್ತದೆ,
ಸೊಂಟಕ್ಕೆ ಗೋಂದು ಹಾಕಿ ಅಂಟಿಸಿದ ಹಾಗೆ.
ಒಳಗೆ ಚಿಲ್ಲರೆ ಉಂಟಲ್ಲ? ಚಿಲ್ಲರೆಗೆ ಉದಾಸೀನ ಜಾಸ್ತಿ.
ಆಳು ಹೊರಟು ಒಂದು ಫ್ರೇಮು ಕಳೆದ ಮೇಲೆ ಅದು ಹೊರಡಬೇಕು,
ಆಳು ನಿಂತ ಮೇಲೂ ಒಂದು ಫ್ರೇಮು ಮುಂದೆ ಹೋಗಿ
ಝಣಕ್ಕೆಂದು ವಾಪಸು ಬರಬೇಕು.
ಶಬ್ದ ನೀನು ಹಾಕಿಲ್ಲ, ಗೊತ್ತುಂಟು.
ಆದರೂ ನನಗೆ ಕೇಳಬೇಕು.

ಸೀಟಿ ಒಂದೇ ಚುಕ್ಕೆ, ಬಿಳಿ. ಅದನ್ನು ಮುಟ್ಟಬೇಡ.
ಅಷ್ಟು ಸಣ್ಣದರ ಮೇಲೆ
ಒಂದು ಇಡೀ ಬಸ್ಸು ನಿಂತಿದೆ.

ಇನ್ನು ಆರನೇ ಫ್ರೇಮು.
ಎಡಗಾಲು ನೆಲ ಮುಟ್ಟುವಷ್ಟರಲ್ಲಿ
ಸೊಂಟ ಒಂದು ಚುಕ್ಕೆ ಕೆಳಗೆ ಬೀಳುತ್ತದೆ,
ಹೆಗಲು ಎಡಕ್ಕೆ ವಾಲುತ್ತದೆ,
ಸರಾಗ ಹೋಗುತ್ತಿದ್ದ ಓಟಕ್ಕೆ ಅಕ್ಕಿಯ ನಡುವಿನ ಕಲ್ಲು.
ಕೆಂಪು ಗೆರೆ ಎಳೆದೆ.
ನಿನ್ನ ಚಿತ್ರದ ಮೇಲೆಯೇ ನನ್ನದನ್ನು ಬಿಡಿಸಿದೆ:
ಹೀಗೆ, ತೊಳೆದ ನೆಲದ ಮೇಲೆ ನೀರು ಹರಿದ ಹಾಗೆ.
ಕಳಿಸಿದೆ. ಸ್ವಲ್ಪ ಹೆಮ್ಮೆಯಿಂದಲೇ ಮಲಗಿದೆ ಅನ್ನು.

ನೀನು ಉತ್ತರ ಬರೆದದ್ದು ಒಂದು ಸಾಲು:
'ಜೊವಿಟಕ್ಕ, ನಾಳೆ ಕಂಕನಾಡಿಯಿಂದ
ಏಳೂವರೆಯ ಬಸ್ಸು ಹತ್ತಿ.'

ಹತ್ತಿದೆ. ಬೂತಾಯಿ ಬುಟ್ಟಿಯ ಪಕ್ಕ,
ಕಾಲೇಜು ಹುಡುಗಿಯರ ಬ್ಯಾಗುಗಳ ನಡುವೆ,
ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಮರ್ಯಾದೆ ಹಿಡಿದುಕೊಂಡು.
ಬಾಗಿಲಲ್ಲಿ ವಸಂತಣ್ಣ,
'ಪಿರ ಪೋಲೆ, ಪಿರ ಪೋಲೆ' ಅನ್ನುತ್ತಾ
ಹಿಂದೆ ಇಲ್ಲದ ಜಾಗವನ್ನು ನಮಗೆಲ್ಲ ತೋರಿಸುತ್ತಿದ್ದ.
ಬೆಂದೂರ್‌ವೆಲ್ಲಿನಲ್ಲಿ ಇಳಿದ.
ಸೀಟಿ. ಬಸ್ಸು ಹೊರಟಿತು. ಓಡಿದ.
ಎಡಗಾಲು ನೆಲ ಮುಟ್ಟುವಷ್ಟರಲ್ಲಿ
ಸೊಂಟ
ಒಂದು ಚುಕ್ಕೆ ಕೆಳಗೆ.

ಒಂದೇ. ಎರಡಲ್ಲ.
ಒಂದು ಕಾಲು ಇನ್ನೊಂದಕ್ಕಿಂತ ಬೆರಳಗಲ ಗಿಡ್ಡ.
ಹನ್ನೊಂದು ವರ್ಷ ಇದೇ ಬಸ್ಸಿನಲ್ಲಿ ಹೋಗಿ ಬಂದ ನನಗೆ
ಕಂಡದ್ದು ಅವನ ಕೈ ಮಾತ್ರ,
ಬಾಕಿ ಚಿಲ್ಲರೆ ಕೊಡದ ಕೈ.

ಜ್ಯೋತಿ ಸರ್ಕಲ್ ದಾಟುವವರೆಗೆ ಮುಖ ಬಿಸಿಯಾಗಿತ್ತು.
ಆಮೇಲೆ, ಹಳೇ ಚಾಳಿ, ಎಣಿಸಲಿಕ್ಕೆ ಶುರು ಮಾಡಿದೆ.
ಪ್ರತಿ ಸ್ಟಾಪಿನಲ್ಲೂ. ಇಳಿ, ಸೀಟಿ, ಓಟ.
ಹಾಗಾಗಿ ಈಗ, ಸ್ಟೇಟ್ ಬ್ಯಾಂಕಿನ ಸ್ಟ್ಯಾಂಡಿನಲ್ಲಿ ನಿಂತೇ
ಇದನ್ನು ಬರೆಯುತ್ತಿದ್ದೇನೆ:

ನನ್ನ ಕೆಂಪು ಗೆರೆ ಅಳಿಸು. ಆರನೆಯದು ಇರಲಿ.
ಆದರೆ ಐದನೆಯದನ್ನು ಮತ್ತೆ ಬಿಡಿಸು.
ನಿನ್ನ ಹುಡುಗ ಕುಸಿದ ಮೇಲೆ ಕಂಬಿಗೆ ಕೈ ಚಾಚುತ್ತಾನೆ.
ವಸಂತಣ್ಣನ ಕೈ ಮೊದಲೇ ಮೇಲೆ ಹೋಗಿರುತ್ತದೆ.
ಕಾಲು ಮಾಡಲಿಕ್ಕಿರುವುದು ಕೈಗೆ ಗೊತ್ತು.
ಎರಡು ಚುಕ್ಕೆ ಎತ್ತರಿಸಿದರೆ ಸಾಕು,
ಬೆರಳು ತೆರೆದೇ ಇರಲಿ.

ಚೀಲದ ವಿಷಯದಲ್ಲಿ ನಾನು ಹೇಳಿದ್ದೇ ಸರಿ.
ಕಿವಿಯಾರೆ ಕೇಳಿ ಬಂದಿದ್ದೇನೆ, ಒಂದು ಫ್ರೇಮು ತಡ.

ಮತ್ತೆ, ಇವತ್ತೂ ಮೂರು ರುಪಾಯಿ ಬಾಕಿ ಇಟ್ಟಿದ್ದಾನೆ.
ಅದನ್ನು ಎಲ್ಲಿಯಾದರೂ ತರಲಿಕ್ಕೆ ಆಗುತ್ತದಾ ನೋಡು.