ಸೊನ್ನಿ

ಅಕ್ಕಲಕೋಟ ರೋಡಿನ ಟಾವೆಲ್ ಕಾರಖಾನಿ.
ಬಾಯ್ಲರ್ ಕೋಣಿ ಗ್ವಾಡಿಮ್ಯಾಲ ಆರು ತಿಂಗಳಿಂದ
ಸೊನ್ನಿ ತೋರಿಸ್ಕೋತ ಕುಂತಿತ್ತು ಗ್ಯಾಸ್ ಡಿಟೆಕ್ಟರ್.
'ಎಲ್ಲಾ ಬರೋಬ್ಬರಿ ಐತ್ರಿ ಬಾಯಾರ' ಅಂದ ಮಲಕಪ್ಪ.
ವಹಿಯೊಳಗ ದಿನಾ ಒಂದು ಟಿಕ್ಕು.

ಏಣಿ ಹತ್ತಿ, ಟೆಸ್ಟ್ ಗ್ಯಾಸಿನ ನಳಿ ಅದರ ಮಾರಿಗೆ ಹಿಡಿದೆ.
ಐವತ್ತಕ್ಕ ಏರಬೇಕು. ಮೂವತ್ತು ಎಣಿಸಿದೆ.
ಸೊನ್ನಿ.

ಕೆಳಗ ಬಾಗಿಲಕ್ಕ ಸಿಲಿಕಾನ್ ಸ್ಪ್ರೇ ಹೊಡೀತಿದ್ದ ಹುಡುಗ
ಡಬ್ಬಿ ಬೆನ್ನಹಿಂದ ಸರಿಸಿದ.
ಆ ವಾಸನಿಗೇ ಒಳಗಿನ ಮಣಿ ಸತ್ತಿತ್ತು, ಯಾವತ್ತೋ.
ಸತ್ತದ್ದೂ ಸೊನ್ನಿನೇ ಅಂತೈತಿ.

ಹೊರಗಿನ ಗಾಳ್ಯಾಗ ಸೊನ್ನಿ ಕಲಿಸಿ ತಂದ
ಹೊಸಾ ಮಣಿ ಕೂಡಿಸಿ, ನಳಿ ಹಿಡಿದೆ.
ಒದರಿತು. ಮಲಕಪ್ಪ ಕಿವಿ ಮುಚ್ಚಿದ.

ನಳಿ ತೆಗೆದೆ. ಇಳೀತು: ನಲವತ್ತು, ಹನ್ನೊಂದು, ಆರು.
ಆರಕ್ಕ ನಿಂತಿತು.

ಮಲಕಪ್ಪ ಬಾಯಾಗಿನ ಬೀಡಿ, ಇನ್ನೂ ಹಚ್ಚಿರಲಿಲ್ಲ,
ತೆಗೆದು ಕಿಸೆದಾಗ ಇಟ್ಟ.